ಕಾಲುಚೀಲದೊಳಗಿನ ಚೀಟಿ

ಯುದ್ಧಾಸ್ಪತ್ರೆ, ಫ್ರಾನ್ಸ್
9 ಫೆಬ್ರವರಿ 1917

ಮಾನ್ಯ ಮಿಸೆಸ್ ಗಿಲಿಸ್ ಅವರಿಗೆ,

ನೋವಾ ಸ್ಕೋಷಿಯಾದಿಂದ ನಿಮ್ಮ ಮಹಿಳಾ ಸಂಘ ಕಳಿಸಿದ ಕಾಲುಚೀಲಗಳ ಪೆಟ್ಟಿಗೆ ತಲುಪಿತು. ಕಂದಕದ ಕೆಸರಿನಲ್ಲಿ ನಿಂತು ನಿಂತು ಪಾದ ಕೊಳೆತವರೇ ನನ್ನ ವಾರ್ಡಿನಲ್ಲಿ ಹೆಚ್ಚು. ನಮ್ಮಂಥ ದಾದಿಯರಿಗೂ ಲೆಫ್ಟಿನೆಂಟ್ ಪದವಿ ಕೊಟ್ಟ ಸೇನೆಯ ಮೇಲಿನವರಿಗೆ ಈ ಹುಡುಗರಿಗೆ ಒಣಗಿದ ಬೂಟು ಕೊಡಿಸಲು ಆಗಲಿಲ್ಲ. ನಿಮ್ಮ ಮಗ ಡುಗಾಲ್ಡ್ ಕೂಡ ಇಲ್ಲೇ ಇದ್ದಾನೆ. ಜ್ವರ ಇಳಿದಿದೆ, ಊಟ ಸೇರುತ್ತಿದೆ.

ಹೆಣೆದವರು ಕಾಲುಚೀಲದ ತುದಿಯಲ್ಲಿ ಹೆಸರು ಬರೆದ ಚೀಟಿ ಇಡುತ್ತೀರಲ್ಲ, ಅವನು ಪ್ರತಿ ಜೋಡಿಯೊಳಗೂ ಬೆರಳು ಹಾಕಿ ನಿಮ್ಮದನ್ನು ಹುಡುಕಿದ. ಚೀಟಿಯನ್ನು ದಿಂಬಿನಡಿ ಇಟ್ಟುಕೊಂಡು, ಕಾಲುಚೀಲವನ್ನು ಪಕ್ಕದ ಮಂಚದವನಿಗೆ ಕೊಟ್ಟ.

"ಸಿಸ್ಟರ್, ಅಳತೆ ಸರಿಯಾಗಿದೆ ಅಂತ ಅಮ್ಮಂಗೆ ಬರೀರಿ," ಎಂದ.

"ಸುಳ್ಳು ಬರೆಯೋಕೆ ನನ್ನ ಕೈಲಾಗಲ್ಲಪ್ಪ," ಎಂದೆ.

"ಸುಳ್ಳೇನ್ ಬಂತು? ಪಕ್ಕದವನ ಕಾಲಿಗೆ ಸರಿಯಾಗೇ ಇದೆಯಲ್ಲ."

ಹ್ಯಾಲಿಫ್ಯಾಕ್ಸಿನಲ್ಲಿ ನನ್ನ ತಂದೆ ಬಿಟ್ಟುಹೋದ ಮನೆಯನ್ನು ಊರಿಗೆ ಮರಳುವ ಇಂಥ ಹುಡುಗರ ಆರೈಕೆಗಾಗಿ ಕೊಟ್ಟಿದ್ದೇನೆ. ಬಾಗಿಲ ಮೆಟ್ಟಿಲು ಕೀಳಿಸಿ, ಗಾಲಿಕುರ್ಚಿಗೆ ಇಳಿಜಾರು ಮಾಡಿಸುತ್ತಿದ್ದಾರೆ. ಏಪ್ರಿಲಿನಲ್ಲಿ ಡುಗಾಲ್ಡ್ ಅಲ್ಲಿಗೆ ಬರುತ್ತಾನೆ.

ಒಂದು ಕೋರಿಕೆ. ಇನ್ನು ಮುಂದೆ ಅವನಿಗೆ ಉಣ್ಣೆಯ ಟೋಪಿ ಹೆಣೆಯಿರಿ. ಚೀಟಿಯನ್ನು ಅದರೊಳಗೆ ಇಡಿ.

ಇಂತಿ,
ಹೆಸ್ಟರ್ ಕ್ರೀಸರ್
ಸೇನಾ ಶುಶ್ರೂಷಕಿ