ನಾಲ್ಕು ಗಂಟೆಯ ಕರೆ

ಅಕ್ಟೋಬರ್ 19, ಭಾನುವಾರ
ಮೂರು ಗಂಟೆ ನಿದ್ದೆ. ಮಗು ಮತ್ತೆ ಮೊಲೆ ಬಿಟ್ಟು ಅತ್ತಿತು. ಹಾಲು ಸಾಲದು.
ಅತ್ತೆ ಅಂಟಿನುಂಡೆಯ ಡಬ್ಬಿ ಹಿಡಿದು ಮಹಡಿ ಹತ್ತಿದರು, ಮೇಲಿನ ಬಾಡಿಗೆ ಮನೆಯ ತೂಬಾಳಿಗೆ. ನನ್ನ ಬಾಣಂತನಕ್ಕೆಂದು ತಮ್ಮೂರು ಬಾದಾಮಿಯಿಂದ ತಂದದ್ದು!
"ಆಕಿ ತಾಯಿ ಸುಡಾನ್‌ದಾಗ ಅದಾಳ. ಊರ ಸುತ್ತ ಬಂದೂಕು ಹಿಡಕೊಂಡು ನಿಂತಾರ, ದನದ ಹಿಂಡಿ ತಿಂತಾರಂತ ಮಂದಿ. ಗಂಡ ಕೈರೋದಾಗ. ಆಕಿ ಬಾಣಂತನಾ ಯಾರು ಮಾಡ್ಬೇಕು?"
ಸರಿ. ನನ್ನದು?

ಅಕ್ಟೋಬರ್ 23, ಗುರುವಾರ
ತೂಬಾಳ ವೀಸಾ ನವೀಕರಣವಾಗಿಲ್ಲ, ಅದಕ್ಕೇ ಸಿಮ್ಮೂ ಬಂದ್. ಅವಳ ತಾಯಿಯ ವಾಟ್ಸಾಪ್ ಕರೆ ನನ್ನ ಫೋನಿಗೇ. ದಿನಾ ಸಂಜೆ ನಾಲ್ಕು ಗಂಟೆಗೆ, ಐದು ನಿಮಿಷ. ಅವರೂರು ಎಲ್ ಫಾಶರ್‌ನಲ್ಲಿ ಶೆಲ್ ಬೀಳುವ ನಡುವೆ, ಇಂಟರ್ನೆಟ್ ಇರುವವರ ಮನೆಗೆ ನಡೆದು ಹೋಗಿ ಕರೆ ಮಾಡುತ್ತಾರಂತೆ. ಮೊಮ್ಮಗಳು ಎಷ್ಟು ಸಲ ಕುಡಿದಳು, ಎಷ್ಟು ಮಲಗಿದಳು... ಎಲ್ಲ ಬೇಕು.
ನನ್ನಮ್ಮ ಕೆ.ಆರ್. ಪುರದಲ್ಲಿ. ನಮ್ಮ ಹಲಸೂರಿಗೆ ಮೆಟ್ರೋದಲ್ಲಿ ಇಪ್ಪತ್ತು ನಿಮಿಷ. ಫೋನ್ ಮಾಡಿ ಹತ್ತು ದಿನ. "ಬ್ಯುಸಿ ಕಣೇ, ಆಮೇಲ್ ಮಾಡ್ತೀನಿ."

ಅಕ್ಟೋಬರ್ 24, ಶುಕ್ರವಾರ
ಎದ್ದು ಬಂದರೆ ನಡುಮನೆಯಲ್ಲಿ ನನ್ನ ಮಗ ತೂಬಾಳ ಎದೆಯಲ್ಲಿ. ಚಪ್ಪರಿಸಿ ಕುಡಿಯುತ್ತಿದ್ದಾನೆ.
"ನೀ ಮಕ್ಕೊಂಡಿದ್ದಿ. ಕೂಸು ಒಂದೇ ಸಮ ಅಳ್ತಿತ್ತು. ನಾನ ಕುಡಸಂದೆ," ಎಂದರು ಅತ್ತೆ.
ತೂಬಾ ಕಲಿತ ಕನ್ನಡದಲ್ಲಿ, "ಅಕ್ಕಾ, ನಮ್ಮಲ್ಲಿ ಹಾಲು ಕುಡಿದ್ರೆ ಮಗ. ಈಗ ಇವ್ನು ನನ್ ಮಗಾನೂ."
ಕಿತ್ತುಕೊಂಡೆ. ಅವನು ಅತ್ತ. ಅವಳ ಕಡೆಗೇ ಮುಖ ತಿರುಗಿಸಿ.

ಅಕ್ಟೋಬರ್ 25, ಶನಿವಾರ
ನಾಲ್ಕಕ್ಕೆ ಫೋನ್ ಬಡಿಯಿತು. ತೂಬಾ ಟೆರೇಸಿನಲ್ಲಿ ಬಟ್ಟೆ ಹರವುತ್ತಿದ್ದಳು. ಕಟ್ ಮಾಡಿದೆ. ಮತ್ತೆ ಬಂತು. ಮತ್ತೆ ಕಟ್. ಹಿಸ್ಟರಿಯಿಂದ ಅಳಿಸಿದೆ.
"ಬಂತಾ ಅಕ್ಕಾ?"
"ಇಲ್ಲ. ನೆಟ್‌ವರ್ಕ್ ಇಲ್ವೇನೋ."
ಅಮ್ಮನ ಫೋನ್ ಬಾರದ ದಿನ ಹೇಗಿರುತ್ತದೆಂದು ಅವಳಿಗೂ ತಿಳಿಯಲಿ.

ಅಕ್ಟೋಬರ್ 29, ಬುಧವಾರ
ಭಾನುವಾರ ಎಲ್ ಫಾಶರ್ ಬಂದೂಕಿನವರ ಕೈಗೆ ಬಿತ್ತು. ಅಂದಿನಿಂದ ಕರೆಯಿಲ್ಲ. ಮನೆಮನೆಗೆ ನುಗ್ಗಿ ಕೊಂದರಂತೆ. ಆಸ್ಪತ್ರೆಯಲ್ಲಿ ಮಲಗಿದ್ದವರನ್ನೂ. ಓಡುತ್ತಿದ್ದವರನ್ನು ಹಿಡಿದು ಸಾಲಾಗಿ ಕೂರಿಸಿ... ಕೊಂದವರೇ ವಿಡಿಯೋ ಹಾಕಿದ್ದಾರೆ. ತೂಬಾ ನನ್ನ ಫೋನಿನಲ್ಲಿ ಒಂದೊಂದನ್ನೂ ನಿಲ್ಲಿಸಿ, ದೊಡ್ಡದು ಮಾಡಿ, ತಾಯಿ ಸುತ್ತಿಕೊಳ್ಳುವ ಹಳದಿ ಬಟ್ಟೆ ಹುಡುಕುತ್ತಾಳೆ.

ನವೆಂಬರ್ 2, ಭಾನುವಾರ
ತೂಬಾಳ ಹಾಲು ಬತ್ತಿದೆ. ಅತ್ತೆ ಅವಳ ಮಗಳನ್ನು ನನ್ನ ಮಡಿಲಿಗೆ ಹಾಕಿದರು. ಇದ್ದಷ್ಟು ಕುಡಿಸಿದೆ.
"ಅಕ್ಕಾ, ಆ ಶುಕ್ರವಾರ ನಾನೇ ಬೇಗ ಫೋನ್ ಇಟ್ಬಿಟ್ಟೆ, ನಿದ್ದೆ ಬರ್ತಿದೆ ಅಂತ. ಶನಿವಾರ ಅಮ್ಮ ಟ್ರೈ ಕೂಡ ಮಾಡ್ಲಿಲ್ಲ. ನನ್ ಮೇಲೆ ಕೋಪಾನಾ?"
ಮಗುವಿನ ಬೆನ್ನು ತಟ್ಟುತ್ತಾ ಕೂತೆ.

ನವೆಂಬರ್ 3, ಸೋಮವಾರ, 3.50
ಮೆಟ್ಟಿಲಲ್ಲಿ ಅವಳ ಹೆಜ್ಜೆ. ಇವತ್ತು ಹೇಳಲೇಬೇಕು. ತೂಬಾ, ಕೋಪ ಅಲ್ಲ ಕಣೇ. ನಿಮ್ಮಮ್ಮ ಶನಿವಾರ ಎರಡು ಸಲ—