ಪುಟ್ಟಿಯ ಮನೆಗೆ ಚಿಲಕ

ಮಾರ್ಚ್ 3, ಸೋಮವಾರ

ಇವತ್ತೂ ಆಟದ ಓವನ್ ಕೀಳಲು ಆಗಲಿಲ್ಲ. ನಾಲ್ಕೂ ಸ್ಕ್ರೂ ಬಿಚ್ಚಿದೆ. ಅಲುಗಲಿಲ್ಲ. ಕೆಳಗೆ ಅಂಟು ಹಾಕಿ, ಮರದ ಗೂಟ ಹೊಡೆದು ಕೂರಿಸಿದ್ದಾರೆ ಭಾವ. ಅವರು ಬಡಗಿ. ಅವರು ಕೂಡಿಸಿದ್ದು ಬಿಚ್ಚಿಕೊಳ್ಳುವುದಿಲ್ಲ.

ಎರಡು ವರ್ಷದ ಹಿಂದೆ, ನಾನು ಸ್ಕೂಲು ಬಿಟ್ಟ ಮರುವಾರ, ಅಕ್ಕನ ಮಗಳು ಪುಟ್ಟಿಗೆ ಅಂತ ಹಿತ್ತಲಲ್ಲಿ ಈ ಆಟದ ಮನೆ ಕಟ್ಟಿದರು. ನನ್ನ ಎದೆಯೆತ್ತರ. ಎರಡು ಕಿಟಕಿ, ಒಂದು ಬಾಗಿಲು, ಒಳಗೆ ಮೊಣಕಾಲೆತ್ತರದ ಅಡುಗೆಕಟ್ಟೆ, ಅದರ ಕೆಳಗೆ ಈ ಹಾಳು ಓವನ್. ಈಗ ಎಲ್ಲ ಸೇರಿ ಕೋಳಿಗೂಡಾಗಬೇಕು. ಅಮ್ಮನ ಆರ್ಡರ್.

"ಖಾಲಿ ಬಿಟ್ರೆ ಇಲಿ ಸಂಸಾರ ಹೂಡ್ತವೆ. ಅದರ ಬದಲು ಕೋಳಿನಾದ್ರೂ ಹೂಡ್ಲಿ."

ಪುಟ್ಟಿಯನ್ನು ಒಂದು ಮಾತು ಕೇಳಬೇಕಲ್ಲ, ಮನೆ ಅವಳದು ಅಂದೆ.

"ಕೋಳಿನ ಕೇಳಿ ಖಾರ ಅರೀತಾರಾ? ಹೋಗೇ, ಕೆಲಸ ನೋಡು."

ಅಕ್ಕ ಬಟ್ಟೆ ಮಡಚುತ್ತಿದ್ದಳು. ತಲೆ ಎತ್ತಲಿಲ್ಲ. "ಮಾಡೇ. ಇನ್ಯಾರು ಬರ್ತಾರೆ ಅಲ್ಲಿ ಆಡೋಕೆ."

ಮಾರ್ಚ್ 5, ಸಂಜೆ

ಓವನ್ ಅಲ್ಲೇ ಇರಲಿ ಅಂತ ಬಿಟ್ಟೆ.

ಬಾಗಿಲಿಗೆ ಹೊರಗಡೆ ಚಿಲಕವೇ ಇಲ್ಲ. ಭಾವ ಬೇಕೆಂದೇ ಇಟ್ಟಿರಲಿಲ್ಲ. ಯಾರಾದರೂ ತಮಾಷೆಗೆ ಹಾಕಿಬಿಟ್ಟರೆ ಮಗು ಒಳಗೆ ಸಿಕ್ಕಿಹಾಕಿಕೊಳ್ಳುತ್ತದೆ ಅಂತ. ಕೋಳಿಗೆ ಬೇಕಾದ್ದು ತದ್ವಿರುದ್ಧ. ಹೊರಗೇ ಚಿಲಕ, ಅದೂ ಬೆಕ್ಕು ಪಂಜ ಹಾಕಿ ತೆಗೆಯಲಾಗದಂಥದ್ದು. ಕಿಟಕಿಗಳಿಗೆ ಸಣ್ಣ ಕಣ್ಣಿನ ಜಾಲರಿ ಹೊಡೆದೆ. ಸೂರಿನ ಕೆಳಗೆ ಗಾಳಿಗೆ ತೂತು. ಕೂರಲು ಅಡ್ಡಕೋಲು, ಅಂಚು ಉಜ್ಜಿ ದುಂಡಗೆ ಮಾಡಿದ್ದು.

ನಿಜ ಬರೆಯುತ್ತೇನೆ. ಕೆಲಸ ಮಾಡುವಾಗ ಪುಟ್ಟಿ ನೆನಪಾಗಲಿಲ್ಲ. ಭಾವ ನೆನಪಾದರು. ಅವರ ಹತ್ತಿರವೇ ಕೆಲಸ ಕಲಿಯುವುದು ಅಂತಿತ್ತು. ಹೋದ ಜೂನ್‌ನಲ್ಲಿ ಅಕ್ಕ ಆಸ್ಪತ್ರೆ ಸೇರಿದಳು. ಊಟ ಇಲ್ಲ, ಮಾತಿಲ್ಲ, ಗೋಡೆ ನೋಡುತ್ತ ಮಲಗಿರುವುದು. ಅವಳು ವಾಪಸ್ ಬರುವಷ್ಟರಲ್ಲಿ ಭಾವ ಪುಟ್ಟಿಯನ್ನು ಕರೆದುಕೊಂಡು ಬೇರೆ ಮನೆಗೆ ಹೋಗಿದ್ದರು. "ಇವಳ ಕೈಲಿ ಮಗು ನೋಡ್ಕೊಳ್ಳೋಕಾಗಲ್ಲ" ಅಂದರಂತೆ. ಈಗ ಅಕ್ಕ ಹುಷಾರಾಗಿದ್ದಾಳೆ. ಮಗು ಬೇಕು ಅಂತ ಹಾಕಿದ ಕೇಸು ಮಾತ್ರ ಮುಂದಕ್ಕೆ, ಮುಂದಕ್ಕೆ...

ಭಾವ ನೆನಪಾದರು ಅಂತ ಅವಳೆದುರು ಹೇಳಲಾಗುತ್ತದೆಯೇ.

ಮಾರ್ಚ್ 9, ಭಾನುವಾರ

ಮೂರು ಕೋಳಿ ಬಂದವು. ಎರಡು ಬಿಳಿ, ಒಂದು ಕಂದು. ಅಕ್ಕ ಚಿಲಕ ತಾನೇ ಹಾಕುತ್ತೇನೆ ಅಂದಳು. ಹಾಕಿ, ತೆಗೆದು, ಮತ್ತೆ ಹಾಕಿದಳು.

"ಗಟ್ಟಿಯಾಗಿದೆ ಕಣೇ."

ನಾನು ಪೂರ್ತಿ ಮುಗಿಸಿದ ಮೊದಲ ಕೆಲಸ. ಖುಷಿಯಾಗಬೇಕಿತ್ತು.

ಮಾರ್ಚ್ 22

ಮೊಟ್ಟೆ. ಹೊಟ್ಟು ಹಾಸಿ ಎರಡು ಚಂದದ ಪೆಟ್ಟಿಗೆ ಮಾಡಿಟ್ಟಿದ್ದೆ. ಮಹಾರಾಣಿಯರಿಗೆ ಬೇಡ. ಕಂದು ಕೋಳಿ ಓವನ್‌ನೊಳಗೇ ಇಡುತ್ತದೆ, ದಿನಾ ಹತ್ತೂವರೆಯ ಸುಮಾರಿಗೆ. ಉಳಿದೆರಡು ಅದರ ಬಾಗಿಲಲ್ಲಿ ಕ್ಯೂ.

"ಬೇಯೋ ಜಾಗ ತಾನೇ ಹುಡುಕ್ಕೊಂಡು ಹೋಗಿ ಕೂತಿದೆಯಲ್ಲೇ, ಪುಣ್ಯಾತ್ಗಿತ್ತಿ" ಅಂದಳು ಅಮ್ಮ.

ಅಕ್ಕ ನಕ್ಕಳು. ಜೂನ್ ಆದಮೇಲೆ ಇದೇ ಮೊದಲು. ನಕ್ಕು, ರೂಮಿಗೆ ಹೋಗಿ ಬಾಗಿಲು ಹಾಕಿಕೊಂಡಳು.

ಏಪ್ರಿಲ್ 8, ಮಂಗಳವಾರ

ಲಾಯರ್ ಫೋನು. ಗುರುವಾರ ಕೋರ್ಟಿನ ಕಡೆಯಿಂದ ಒಬ್ಬರು ಮೇಡಂ ಬರುತ್ತಾರೆ. ಮಗುವಿಗೆ ಮನೆ ಸರಿಯಿದೆಯಾ ನೋಡಲು. ಮಲಗುವ ಜಾಗ, ಓದುವ ಜಾಗ, ಆಡುವ ಜಾಗ. ಆಟದ ಮನೆಯ ವಿಷಯ ಅರ್ಜಿಯಲ್ಲೇ ಬರೆದಿದ್ದಾರಂತೆ. "ಮಗು ಬಂದೇ ಬರುತ್ತದೆ ಎಂದು ಅದನ್ನು ಹಾಗೇ ಕಾಯ್ದಿಟ್ಟಿದ್ದಾರೆ."

ಅಕ್ಕ ಫೋನಿಟ್ಟು ಹಿತ್ತಲಿಗೆ ಓಡಿದಳು. ಚಪ್ಪಲಿಯೂ ಇಲ್ಲದೆ.

ಏಪ್ರಿಲ್ 9

ಕೋಳಿಗಳು ಪಕ್ಕದ ಮನೆಗೆ. ಜಾಲರಿ ಕಿತ್ತೆ. ಚಿಲಕ ಬಿಚ್ಚಿದೆ. ಮೂರು ಸಲ ಸೋಪುನೀರು. ಅಕ್ಕ ಮೊಣಕಾಲೂರಿ ಪ್ಲೈವುಡ್ ಉಜ್ಜಿದಳು, ಬೆರಳ ಚರ್ಮ ಎದ್ದುಹೋಯಿತು. ಮೇಲೆ ಹಳದಿ ಪೇಂಟು. ಮೂಗು ಹತ್ತಿರ ಇಟ್ಟರೆ ಇನ್ನೂ ಕೋಳಿಯೇ.

ಏಪ್ರಿಲ್ 10, ಗುರುವಾರ

ಹತ್ತೂಕಾಲಿಗೆ ಬಂದರು. ಮಂಚ ನೋಡಿದರು. ಅಕ್ಕನ ಮಾತ್ರೆ ನೋಡಿದರು. ಹಿತ್ತಲಿಗೆ ಬಂದು ಆಟದ ಮನೆಯೊಳಗೆ ಇಣುಕಿ, "ಚೆನ್ನಾಗಿಟ್ಟಿದ್ದೀರಿ" ಅಂದರು. ಅಕ್ಕನ ಮುಖಕ್ಕೆ ಬಣ್ಣ ಬಂತು.

ಆಗ ಕಂದು ಕೋಳಿ ಗೋಡೆ ಹಾರಿತು. ಮೇಡಂ ಕಾಲ ಪಕ್ಕದಲ್ಲೇ ನಡೆದು, ಒಳಗೆ ಹೋಗಿ, ಓವನ್‌ನಲ್ಲಿ ಕೂತಿತು.

"ಪಕ್ಕದ ಮನೇದು ಮೇಡಂ. ದಾರಿ ತಪ್ಪಿ ಬಂದಿದೆ" ಅಮ್ಮ.

"ದಾರಿ ತಪ್ಪಿದ ಹಾಗಿಲ್ಲವಲ್ಲ." ನನ್ನ ಕಡೆ ತಿರುಗಿದರು. "ಏನಮ್ಮಾ, ಯಾರದು ಕೋಳಿ?"

"ನಮ್ಮದು."

"ಇದನ್ನ ಗೂಡು ಮಾಡಿದ್ರಾ?"

"ಹೂಂ. ಮಾರ್ಚ್‌ನಲ್ಲಿ. ನಾನೇ ಮಾಡಿದ್ದು."

"ಮಗೂಗೆ ಅಂತ ಇಟ್ಟಿದ್ದಲ್ವಾ?"

"ಅವಳು ಇನ್ನು ಬರಲ್ಲ ಅಂದ್ಕೊಂಡ್ವಿ."

ಬರೆದುಕೊಂಡರು. ಒಂದೇ ಸಾಲು. ಹೆಚ್ಚು ಹೊತ್ತು ಹಿಡಿಯಲಿಲ್ಲ.

ಅವರು ಹೋದ ಮೇಲೆ ಅಮ್ಮ: "ಇದ್ದದ್ದು ಇದ್ದ ಹಾಗೆ ಹೇಳಿದ್ರೆ ಎದ್ದು ಬಂದು ಎದೆಗೆ ಒದೀತಾರೆ ಅಂತಾರೆ. ಇವತ್ತು ಒದೆ ಬಿದ್ದಿದ್ದು ಯಾರ ಎದೆಗೆ ಗೊತ್ತೇನೇ?"

ಅಕ್ಕ ಪಕ್ಕದ ಮನೆಗೆ ಹೋಗಿ ಉಳಿದೆರಡು ಕೋಳಿ ಎತ್ತಿಕೊಂಡು ಬಂದಳು. ಬಿಚ್ಚಿದ ಚಿಲಕ ಎಲ್ಲಿಟ್ಟಿದ್ದೀ ಅಂತ ಕೇಳಿದಳು.

ಮೇ 20

ತೀರ್ಪು ಬಂತು. ಪುಟ್ಟಿ ಅಪ್ಪನ ಹತ್ತಿರವೇ. ತಿಂಗಳ ಮೊದಲ ಭಾನುವಾರ ಇಲ್ಲಿ, ಹನ್ನೊಂದರಿಂದ ಐದರವರೆಗೆ. ಮೇಡಂ ವರದಿಯಲ್ಲಿದ್ದ ಸಾಲನ್ನು ಲಾಯರ್ ಓದಿ ಹೇಳಿದರು: ತಾಯಿಯ ಮನೆಯವರು ಮಗುವಿನ ನಿರೀಕ್ಷೆಯನ್ನೇ ಕೈಬಿಟ್ಟಂತೆ ಕಾಣುತ್ತದೆ.

"ನೀನು ಸುಳ್ಳು ಹೇಳಿದ್ರೂ ಇದೇ ಆಗ್ತಿತ್ತು ಬಿಡೇ" ಅಂದಳು ಅಕ್ಕ.

ನನಗೆ ಸುಳ್ಳು ಹೇಳಲು ಬರುವುದಿಲ್ಲ. ಅಕ್ಕನಿಗೆ ಬರುತ್ತದೆ ಅಂತ ಇವತ್ತು ಗೊತ್ತಾಯಿತು.

ಜೂನ್ 1, ಭಾನುವಾರ, ಮಧ್ಯಾಹ್ನ

ಪುಟ್ಟಿ ಬಂದಿದ್ದಾಳೆ. ಒಂದು ಗೇಣು ಉದ್ದವಾಗಿದ್ದಾಳೆ. ಮುಂದಿನ ಹಲ್ಲೊಂದಿಲ್ಲ. ಗೂಡು ನೋಡಿ ಅಳುತ್ತಾಳೆ ಅಂತ ಹೆದರಿದ್ದೆ. ಅಳಲಿಲ್ಲ. ಮತ್ತೆ ಹೊಡೆದ ಜಾಲರಿಗೆ ಮೂಗು ಒತ್ತಿ ನಿಂತಳು. ಅಕ್ಕ ಹಿಂದೆ ಕೂತು ಅವಳ ತಲೆ ಬಾಚುತ್ತಿದ್ದಳು.

"ಚಿಕ್ಕಮ್ಮಾ, ಕೋಳಿ ದಿನಾ ಇಲ್ಲೇ ಮಲಗ್ತವಾ?"

"ಹೂಂ."

"ನಾನು?"

ಬಾಚಣಿಗೆ ನಿಂತಿತು. ಅಕ್ಕ ನನ್ನನ್ನೇ ನೋಡುತ್ತಿದ್ದಳು. ಬೇಡ ಅನ್ನುತ್ತಿದ್ದಳೋ, ಹೇಳು ಅನ್ನುತ್ತಿದ್ದಳೋ...

"ನೀನೂ ಇಲ್ಲೇ" ಅಂದೆ.

ಅಷ್ಟು ಸಲೀಸಾಗಿ ಬಂತು.

ಜೂನ್ 1, ಆರು ಗಂಟೆ

ಐದಕ್ಕೆ ಸರಿಯಾಗಿ ಭಾವ ಬಂದರು. ಗೂಡಿನ ಬಾಗಿಲು ಮುಟ್ಟಿ ನೋಡಿದರು. ಪುಟ್ಟಿ ಶೂ ಬಿಚ್ಚಿ, ತನ್ನ ಬ್ಯಾಗನ್ನು ಅಕ್ಕನ ಮಂಚದ ಕೆಳಗೆ ತಳ್ಳಿ ಬಂದಿದ್ದಳು.

"ಅಪ್ಪಾ, ನೀನು ಹೋಗು. ನಾನು ಇನ್ಮೇಲೆ ಇಲ್ಲೇ ಮಲಗೋದು. ಚಿಕ್ಕಮ್ಮ ಹೇಳಿದ್ದಾಳೆ."

"ಹೌದೇನೇ?" ಭಾವ ಕೇಳಿದರು. ಸಿಟ್ಟಿನಿಂದಲ್ಲ. ಮೆಲ್ಲಗೆ.

ಅಕ್ಕ, ಭಾವ, ಪುಟ್ಟಿ, ಮೂವರೂ ನನ್ನ ಬಾಯಿ ನೋಡುತ್ತಿದ್ದರು. ಪುಟ್ಟಿ ನಗುತ್ತಿದ್ದಳು. ನಾನು ಒಳಗೆ ಹೋಗಿ, ಮಂಚದ ಕೆಳಗಿನ ಬ್ಯಾಗು ಎಳೆದು ತಂದು ಭಾವನ ಕೈಗೆ ಕೊಟ್ಟೆ.