‘ಹೇಳಲಾರೆ’ ಎಂದವರ ಮಹಡಿ

ಮಾರ್ಚ್ 3, ಸೋಮವಾರ

ಇಂದೂ ಸಮೀಕ್ಷಾ ಕಚೇರಿಯಲ್ಲಿ ಅದೇ ಉತ್ತರಪತ್ರಗಳ ಕಂತೆ. ಬಟ್ಟೆ ಕಾರ್ಖಾನೆಯ ಸುರಕ್ಷತಾ ಸಮೀಕ್ಷೆ. ಮಗಳು ಹೊಲಿಗೆ ಯಂತ್ರದ ಮುಂದೆ ಕೂರುವ ಕಾರ್ಖಾನೆಯೇ. ಹಾಗೆಂದು ಲೆಕ್ಕದಲ್ಲಿ ದಾಕ್ಷಿಣ್ಯ ಸಲ್ಲದು. ಒಂಬತ್ತನೆಯ ಪ್ರಶ್ನೆ: ಈ ಕಟ್ಟಡ ಸುರಕ್ಷಿತವೆಂದು ಭಾವಿಸುತ್ತೀರಾ? ಹೌದು, ಇಲ್ಲ, ಹೇಳಲಾರೆ. ಕೊನೆಯದಕ್ಕೆ ಗುರುತು ಹಾಕಿದವರೇ ರಾಶಿ.

ಡೇಟಾ ಎಂಟ್ರಿಯವನು — ಕಚೇರಿಗೆಲ್ಲ ‘ಮೀಸೆ’ — ಕೇಳಿದ: “ಸಾರ್, ಇವರನ್ನೆಲ್ಲ ಏನ್ ಮಾಡೋದು? ತ್ರಿಶಂಕು ಥರ ನೇತಾಡ್ತಿದಾರೆ.”

“ಪಕ್ಷ ಹಿಡಿಯದವರಿಗೆ ವೇದಿಕೆಯಲ್ಲಿ ಜಾಗವಿಲ್ಲ. ತೆಗೆದುಹಾಕು.”

ಕಾಲೇಜಿನ ಚರ್ಚಾಸ್ಪರ್ಧೆಗಳು ಕಲಿಸಿದ ನಿಷ್ಠುರತೆ. ಉಳಿದವರಲ್ಲಿ ಬಹುತೇಕ ಎಲ್ಲರೂ ‘ಹೌದು’. ವರದಿ ನೆಟ್ಟಗೆ ನಿಂತಿತು. ಸಂಜೆಯೇ ಕಾರ್ಖಾನೆಗೆ ಹೊರಟಿತು.

ಮಾರ್ಚ್ 10, ಸಂಜೆ

ಮಗಳು ಬಂದು ಕಾಲು ನೀವಿಕೊಳ್ಳುತ್ತಿದ್ದಳು. ನಾಳೆ ಅವಳ ಮಹಡಿಗೆ, ಮೂರನೆಯದಕ್ಕೆ, ಹೊಸ ಯಂತ್ರಗಳು ಬರುತ್ತವಂತೆ. ಕಟ್ಟಡ ಗಟ್ಟಿಯಾಗಿದೆಯೆಂದು ಸರ್ವೆ ಹೇಳಿದೆಯಂತೆ.

“ನೀನು ಯಾವುದಕ್ಕೆ ಗುರುತು ಹಾಕಿದೆ?”

“ಹೇಳಲಾರೆ ಅನ್ನೋದಕ್ಕೆ.”

“ಅದೂ ಒಂದು ಉತ್ತರವೇ?”

“ಮನೇಲೂ ಚರ್ಚಾಸ್ಪರ್ಧೆ ಇಟ್ಕೋಬೇಡಿ ಅಪ್ಪ! ಮೇಸ್ತ್ರಿ ತಲೆ ಮೇಲೇ ನಿಂತಿದ್ದ. ಇಲ್ಲ ಅಂದ್ರೆ ಕೆಲಸ ಹೋಗುತ್ತೆ. ಹೌದು ಅನ್ನೋಣ ಅಂದ್ರೆ… ನೆಲ ನಡುಗೋದು ಕಾಲಿಗೆ ಗೊತ್ತಾಗುತ್ತಲ್ಲ.”

ಆ ಗುರುತನ್ನು ತೆಗೆದುಹಾಕಿಸಿದವನು ನಾನೇ. ಮಗ ತೀರಿಕೊಂಡ ಮೇಲೆ ನನಗೆ ಉಳಿದಿರುವುದು ಇವಳೊಬ್ಬಳು.

ಮಾರ್ಚ್ 11, ಬೆಳಿಗ್ಗೆ ಹತ್ತು

ಹೋಗಬೇಡವೆಂದೆ. “ಸುಮ್ಸುಮ್ನೆ ರಜ ಹಾಕಿದ್ರೆ ಮೇಸ್ತ್ರಿ ಬಿಡ್ತಾನಾ? ಕಾರಣ ಕೊಡಿ” ಎಂದಳು. ಹೋದಳು.

ಕಚೇರಿಗೆ ಓಡಿದೆ. ತೆಗೆದುಹಾಕಿದವರನ್ನೆಲ್ಲ ಮಹಡಿವಾರು ಬೇರ್ಪಡಿಸಲು ಮೀಸೆಗೆ ಹೇಳಿದೆ. ನೆಲಮಹಡಿಯಲ್ಲಿ ಬೆರಳೆಣಿಕೆ. ಮೂರನೆಯದರಲ್ಲಿ — ಹೆಚ್ಚುಕಡಿಮೆ ಇಡೀ ಮಹಡಿ. ಅನುಮಾನವಾಗಿದ್ದರೆ ಎಲ್ಲೆಡೆ ಚದುರಿರುತ್ತಿತ್ತು. ಒಂದೇ ಕಡೆ ಹೀಗೆ ಗುಂಪುಗೂಡುವುದು ಭಯ.

ವರದಿ ವಾಪಸು ಪಡೆಯಬೇಕೆಂದಾಗ ನಮ್ಮ ಕಚೇರಿಯ ಮ್ಯಾನೇಜರ್ ನಕ್ಕರು. “ವರದಿ ಹೋಗಿ ವಾರ ಆಯ್ತು, ವಾಗ್ಮಿಗಳೇ. ತೆಗೆದುಹಾಕು ಅಂದೋರೂ ನೀವೇ. ಈಗ ಎದುರು ಪಕ್ಷಕ್ಕೆ ಹಾರಿದ್ರಾ?”

ವಾದಕ್ಕೆ ನಿಲ್ಲದೆ ಕಾರ್ಖಾನೆಗೆ ಹೊರಟೆ.

ಅದೇ ದಿನ, ಕಾರ್ಖಾನೆಯ ಗೇಟು

ಫೋನು ಮಾಡಿ ಮಗಳನ್ನು ಕೆಳಗೆ ಕರೆಸಿದೆ. ಬಂದಳು. ಮಹಡಿಯ ಎಲ್ಲರೂ ಅವಳಂತೆಯೇ ಗುರುತು ಹಾಕಿದ್ದಾರೆಂದು ತಿಳಿಸಿದೆ.

“ಎಲ್ರೂನಾ? ನಾನೊಬ್ಳೇ ಪುಕ್ಕಲಿ ಅಂದ್ಕೊಂಡಿದ್ದೆ…” ತಿರುಗಿ ಮೇಲಿನ ಕಿಟಕಿಗಳತ್ತ ನೋಡಿದಳು. “ಹಾಗಾದ್ರೆ ಅವ್ರನ್ನೂ ಕರ್ಕೊಂಡ್ ಬರ್ತೀನಿ.”

ಕೈ ಹಿಡಿದೆ. “ಬಿಡಿ ಅಪ್ಪ.” ಬಿಟ್ಟೆ. ಏಕೆ ಬಿಟ್ಟೆ?

ಕಾವಲುಗಾರ ನನ್ನನ್ನು ಒಳಗೆ ಬಿಡುತ್ತಿಲ್ಲ. ಬರೆಯುತ್ತಿದ್ದರೆ ಮನಸ್ಸು ಸ್ವಲ್ಪ ಹತೋಟಿಯಲ್ಲಿ. ಮೇಲೆ ಹೊಸ ಯಂತ್ರಗಳು ಶುರುವಾದವು. ಗುಡುಗಿನ ಸದ್ದು. ಹೆಂಗಸರು ಬರಿಗಾಲಲ್ಲಿ ಓಡಿಬರುತ್ತಿದ್ದಾರೆ, ಒಬ್ಬರ ಹಿಂದೊಬ್ಬರು. ಇವಳಲ್ಲ. ಇವಳೂ ಅಲ್ಲ.

ಒಬ್ಬಾಕೆ ಕೂಗಿದಳು: “ನಿಮ್ ಮಗಳು ಹಿಂದೆ ಇದಾಳೆ ಸಾರ್! ಎಲ್ರನ್ನೂ ಮುಂದೆ ತಳ್ತಿದಾಳೆ!”

ಬಾಗಿಲು ಈಗ ಖಾಲಿ. ಗೋಡೆಯ ಗಾರೆ ಉದುರುತ್ತಿದೆ. ಮೆಟ್ಟಿಲ ಮೇಲೆ ಯಾರೋ —